ಎರಡು ಸಲ ಅಂಟಿಸಿದ ಚೀಲ

ಗ್ರೈಂಡರಿನ ಬಾಯಿ ನನ್ನ ಮೂಗಿನಿಂದ ಒಂದು ಮೊಳ ದೂರದಲ್ಲಿತ್ತು.

ಹಳೆಯ ಪ್ಲಾಸ್ಟಿಕ್ ಅಗಿಯುವ ಯಂತ್ರ ಅದು. ಒಡೆದ ಬಕೆಟ್ಟು, ಮುರಿದ ಕುರ್ಚಿ, ಪೈಪಿನ ತುಂಡು... ಏನು ಕೊಟ್ಟರೂ ನುಂಗಿ, ಕಾಳಿನಷ್ಟು ಸಣ್ಣಗೆ ಮಾಡಿ, ಕೆಳಗಿನ ಗೋಣಿಗೆ ಉಗುಳುತ್ತಿತ್ತು. ನನ್ನ ಕತ್ತು ಹಿಂದಿನಿಂದ ಒಬ್ಬನ ಮುಷ್ಟಿಯಲ್ಲಿತ್ತು. ಆ ಗೋದಾಮಿನಲ್ಲಿ ಅವನನ್ನು ಎಲ್ಲರೂ ಕೋಣ ಎಂದೇ ಕರೆಯುತ್ತಿದ್ದರು. ಹೆಸರಿಟ್ಟವರು ಸುಮ್ಮನೆ ಇಟ್ಟಿರಲಿಲ್ಲ.

"ಯಾರೇ ನಿನ್ನ ಕಳಿಸಿದ್ದು?"

"ನನ್ನ ತಂಗಿ."

"ತಮಾಷೆನಾ?"

ತಮಾಷೆ ಮಾಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅದು ಅಪ್ಪಟ ಸತ್ಯ. ಆದರೆ ನನ್ನ ಕಸುಬಿನ ಕರ್ಮವೇ ಇದು... ಸುಳ್ಳು ಹೇಳಿದರೆ ಜನ ಕೂರಿಸಿ ಮಾತಾಡಿಸುತ್ತಾರೆ. ನಿಜ ಹೇಳಿದರೆ ಕತ್ತು ಹಿಡಿಯುತ್ತಾರೆ.

ಎಲ್ಲ ಕೆಡಿಸಿದ್ದು ನನ್ನ ಫೋನು. ಮೂಟೆಗಳ ಹಿಂದೆ ಕುಕ್ಕರಗಾಲಿನಲ್ಲಿ ಕೂತು, ಉಸಿರು ಬಿಗಿಹಿಡಿದು, ಸೊಗಸಾಗಿ ಫೋಟೋ ತೆಗೆಯುತ್ತಿದ್ದೆ. ಆಗ ಅದು ಬಾಯಿ ಮಾಡಿತು. ಸಿಕ್ಕಿಬಿದ್ದೆ. ಈಗ ಕೋಣನ ಇನ್ನೊಂದು ಕೈಯಲ್ಲಿ ಅದು ಮತ್ತೆ ಹೊಡೆದುಕೊಳ್ಳುತ್ತಿತ್ತು. ಅವನು ಪರದೆ ನೋಡಿದ.

"ಅಮ್ಮ ಅಂತ ಬರ್ತಿದೆ."

"ಎತ್ತಬೇಡ. ನಿಲ್ಲಿಸೋದೇ ಇಲ್ಲ ಅವಳು."

ಅವನು ಎತ್ತಿದ. ಸ್ಪೀಕರ್ ಹಾಕಿದ.

"ಎಲ್ಲಿ ಹಾಳಾಗಿ ಹೋಗಿದೀಯೇ?" ಎಂದಳು ಅಮ್ಮ. "ನಿನ್ನ ತಂಗಿ ನನ್ನ ಮಾತು ಕೇಳ್ದೆ ಆಸ್ಪತ್ರೆಗೆ ಹೊರಟುಹೋದ್ಳು. ಆ ಬಸ್ ಡ್ರೈವರ್ ತಮ್ಮ ಬಂದಿದಾನಂತೆ. ಇವತ್ತು ಮಧ್ಯಾಹ್ನ ಅವನ ರಕ್ತ ತೆಗೀತಾರಂತೆ. ಬ್ಲಡ್ ಬ್ಯಾಂಕಿಂದ ಸಸ್ಪೆಂಡ್ ಆದೋಳಿಗೆ ಅಲ್ಲೇನು ಕೆಲಸ, ನೀನೇ ಹೇಳು. ಹಲೋ? ಬಾಯಲ್ಲೇನು ಕಡುಬು ಇಟ್ಕೊಂಡಿದೀಯಾ?"

ಕೋಣ ಫೋನನ್ನು ಗ್ರೈಂಡರಿನ ಮೇಲೆ ಹಿಡಿದು ಬೆರಳು ಸಡಿಲಿಸಿದ. ಅಮ್ಮ ಮಾತಾಡುತ್ತಲೇ ಒಳಗೆ ಹೋದಳು. ಅರ್ಧ ಮಾತು ಈಚೆ, ಅರ್ಧ ಮಾತು ಆಚೆ.

ಅದರ ಜೊತೆಗೆ ನನ್ನ ಫೋಟೋಗಳೂ ಹೋದವು. ಇದ್ದ ಒಂದೇ ಸಾಕ್ಷಿ. ಯಾವನದೋ ಚಪ್ಪಲಿಯ ಅಟ್ಟೆಯಾಗಿ ಹೋಯಿತು.

ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. ಇಲ್ಲದಿದ್ದರೆ ನಿಮಗೆ ಇದರ ತಲೆಬುಡ ಗೊತ್ತಾಗುವುದಿಲ್ಲ.

ಮೊದಲು ನಾನು ಇನ್ಶೂರೆನ್ಸ್ ಕಂಪನಿಯೊಂದರ ತನಿಖೆಗಾರ್ತಿಯಾಗಿದ್ದೆ. ತಾವೇ ಬೆಂಕಿ ಹಚ್ಚಿದ ಗೋದಾಮು, ತಾವೇ ಕೆರೆಗೆ ತಳ್ಳಿದ ಲಾರಿ... ಅಂಥವನ್ನು ಮೂಸಿ ನೋಡುವ ಕೆಲಸ. ಕಂಪನಿಯವರಿಗೆ ನನ್ನ ಮೂಗು ಇಷ್ಟವಾಯಿತು, ಬಾಯಿ ಇಷ್ಟವಾಗಲಿಲ್ಲ. ಈಗ ಟೈರ್ ಅಂಗಡಿಯೊಂದರ ಮೇಲಿನ ರೂಮಿನಲ್ಲಿ ನನ್ನದೇ ಪತ್ತೇದಾರಿ ಆಫೀಸು. ನಾನೇ ಬಾಸ್, ನಾನೇ ಜವಾನ. ಎಡ ಮಂಡಿ ಸರಿಯಿಲ್ಲ. ಮದುವೆಯ ಗೋಜಿಗೆ ಹೋಗಲಿಲ್ಲ.

ತಂಗಿ ನನ್ನ ತದ್ವಿರುದ್ಧ. ದೊಡ್ಡ ಆಸ್ಪತ್ರೆಯ ಬ್ಲಡ್ ಬ್ಯಾಂಕಿನಲ್ಲಿ ಟೆಕ್ನಿಷಿಯನ್. ಮಾತು ಕಡಿಮೆ, ಕೈ ಚೊಕ್ಕ. ದಾನಿಗಳ ರಕ್ತ ಇಳಿಯುವುದು ಮೆತ್ತನೆಯ ಪ್ಲಾಸ್ಟಿಕ್ ಚೀಲಕ್ಕೆ. ಆ ಚೀಲವನ್ನು ಸೆಂಟ್ರಿಫ್ಯೂಜ್ ಎಂಬ ಮಷೀನಿನಲ್ಲಿಟ್ಟು ಗಿರಗಿರ ತಿರುಗಿಸಿದರೆ ಕೆಂಪು ಕಣ ಕೆಳಗೆ, ತಿಳಿ ಮೇಲೆ. ಇವಳು ವರ್ಷಗಟ್ಟಲೆ ಮಾಡಿಕೊಂಡು ಬಂದ ಕೆಲಸ.

ಎರಡು ತಿಂಗಳ ಹಿಂದೆ ಚೀಲಗಳು ಒಡೆಯತೊಡಗಿದವು. ತಿರುಗುವಾಗ ಅಂಚಿನ ಬೆಸುಗೆಯೇ ಬಿಟ್ಟುಕೊಳ್ಳುತ್ತಿತ್ತು. ಮಷೀನು ನಿಲ್ಲಿಸಿ ಮುಚ್ಚಳ ತೆಗೆದರೆ ಒಳಗೆ ಕಸಾಯಿಖಾನೆ. ಯಾರೋ ತೋಳು ಕೊಟ್ಟು, ಕಣ್ಣು ಮುಚ್ಚಿಕೊಂಡು ಕೊಟ್ಟ ರಕ್ತ... ಮೋರಿಗೆ.

ಅಲ್ಲಿನ ಡಾಕ್ಟರು ಒಂದೇ ಪಲ್ಲವಿ ಹಿಡಿದರು. ಚೀಲ ಸರಿಯಾಗಿದೆ, ಇಡುವ ಕೈ ಸರಿಯಿಲ್ಲ.

ಆಮೇಲೆ ಬಸ್ ಡ್ರೈವರನ ಸರದಿ ಬಂತು. ಅವನದು ಅಪರೂಪದ ಗುಂಪಿನ ರಕ್ತ. ಒಬ್ಬ ಬಡಗಿಯ ಹೆಂಡತಿ ಹೊಟ್ಟೆಯೊಳಗೆ ಗೆಡ್ಡೆ ಬೆಳೆದು ವಾರ್ಡಿನಲ್ಲಿ ಮಲಗಿದ್ದಳು. ಅವಳಿಗೆ ಆಪರೇಷನ್ ಮಾಡಬೇಕೆಂದರೆ ಅದೇ ಗುಂಪು ಬೇಕು. ಡ್ರೈವರ್ ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ಬಂದು ರಕ್ತ ಕೊಟ್ಟ. ಆ ಚೀಲವೂ ಒಡೆಯಿತು. ಅವನು ಮತ್ತೆ ಕೊಡಬೇಕೆಂದರೆ ತಿಂಗಳುಗಳು ಕಾಯಬೇಕು. ಬಡಗಿಯ ಹೆಂಡತಿಗೆ ಅಷ್ಟು ಕಾಲವಿರಲಿಲ್ಲ.

ಅವತ್ತೇ ತಂಗಿಯನ್ನು ಸಸ್ಪೆಂಡ್ ಮಾಡಿದರು.

ಅವಳು ನನ್ನ ರೂಮಿಗೆ ಬಂದಳು. ಅಳಲಿಲ್ಲ. ಒಡೆದ ಚೀಲದ ಮೇಲಿದ್ದ ಬೆಳ್ಳಿಬಣ್ಣದ ಕವರನ್ನು ಮೇಜಿನ ಮೇಲಿಟ್ಟಳು.

"ಅಂಚು ನೋಡಕ್ಕ."

ನೋಡಿದೆ. ಬಿಸಿ ತಾಗಿಸಿ ಅಂಟಿಸಿದ ಗೆರೆ. ಅದರ ಪಕ್ಕದಲ್ಲೇ, ಸ್ವಲ್ಪ ಸೊಟ್ಟಗೆ, ಇನ್ನೊಂದು.

"ಕಂಪನಿಯವರು ಅಂಟಿಸೋದು ಒಂದೇ ಸಲ" ಎಂದಳು. "ಇದನ್ನ ಯಾರೋ ಬಿಚ್ಚಿ, ಮತ್ತೆ ಅಂಟಿಸಿದಾರೆ."

"ನಿನ್ನ ಗಂಡನ್ನ ಕೇಳಿದ್ಯಾ? ಆಸ್ಪತ್ರೆಗಳಿಗೆ ಸಾಮಾನು ಸಪ್ಲೈ ಮಾಡೋದೇ ಅಲ್ವಾ ಅವನ ಕೆಲಸ?"

"ಅವರು ಗ್ಲೌಸು, ಹತ್ತಿ ಅಷ್ಟೇ ಕೊಡೋದು. ಚೀಲ ಬೇರೆ ಯಾರದೋ." ಕವರನ್ನೇ ನೋಡುತ್ತ ಹೇಳಿದಳು. "ನೀನು ಹುಡುಕು."

ಹುಡುಕಿದೆ. ಹುಡುಕಿದ್ದಕ್ಕಿಂತ ಹೆಚ್ಚಾಗಿ ಬಾಗಿಲ ಮುಂದೆ ಕಾದೆ.

ಡಾಕ್ಟರು ರೌಂಡ್ಸಿನಲ್ಲಿದ್ದರು. ಯಾವಾಗ ಹೋದರೂ ರೌಂಡ್ಸಿನಲ್ಲೇ ಇದ್ದರು. ಸ್ಟೋರಿನವನು ಸಪ್ಲೈ ಯಾರದೆಂದು ಹೇಳಲು ಮೇಲಿನವರ ಪರ್ಮಿಷನ್ ಬೇಕೆಂದ. ಮೇಲಿನವರು ಕೆಳಗಿನವನನ್ನು ಕೇಳಿ ಎಂದರು. ಔಷಧಿ ಇಲಾಖೆಯ ಸಾಹೇಬರ ಕೋಟು ಕುರ್ಚಿಯ ಮೇಲಿತ್ತು, ಸಾಹೇಬರು ಇರಲಿಲ್ಲ. ಪೊಲೀಸ್ ಇನ್ಸ್‌ಪೆಕ್ಟರ್ ನಾನು ಹೇಳಿದ್ದನ್ನೆಲ್ಲ ಕೇಳಿ, ಹಲ್ಲುಕಡ್ಡಿಯನ್ನು ಬಾಯಿಯ ಒಂದು ಬದಿಯಿಂದ ಇನ್ನೊಂದು ಬದಿಗೆ ಸಾಗಿಸಿದರು.

"ಪ್ಲಾಸ್ಟಿಕ್ ಚೀಲ ಒಡೀತು ಅಂತ ನಾನು ಬರಬೇಕಾ, ಮೇಡಂ?"

"ಅದರೊಳಗೆ ರಕ್ತ ಇತ್ತು ಸಾರ್."

"ಕೊಲೆ ಆಗಿದ್ಯಾ?"

"ಇನ್ನೂ ಇಲ್ಲ."

"ಆದಾಗ ಬನ್ನಿ."

ಕೊನೆಗೆ ಚೀಲ ತಯಾರಿಸುವ ಫ್ಯಾಕ್ಟರಿಗೇ ಹೋದೆ. ಮ್ಯಾನೇಜರ್ ನನ್ನನ್ನು ಮೆತ್ತನೆಯ ಸೋಫಾದಲ್ಲಿ ಕೂರಿಸಿದ.

"ನಮ್ಮಲ್ಲಿ ರಿಜೆಕ್ಟ್ ಅನ್ನೋದೇ ಇಲ್ಲ, ಮೇಡಂ. ನೂರಕ್ಕೆ ನೂರು ಓಕೆ ಮಾಲು."

ಅವನ ಬೆನ್ನ ಹಿಂದೆ ದೊಡ್ಡ ಕಿಟಕಿ. ಕಿಟಕಿಯಾಚೆ ಇಬ್ಬರು ಕೂಲಿಗಳು ಲಾರಿಯೊಂದಕ್ಕೆ ಮೂಟೆ ಎಸೆಯುತ್ತಿದ್ದರು. ಒಂದು ಮೂಟೆ ಹರಿದು ಮೆತ್ತನೆಯ ಪಾರದರ್ಶಕ ಚೀಲಗಳು ನೆಲಕ್ಕೆ ಸುರಿದವು. ಅವುಗಳ ಮೇಲೆಲ್ಲ ಕೆಂಪು ಸ್ಕೆಚ್ ಪೆನ್ನಿನ ಗುಣಾಕಾರದ ಗುರುತು.

"ಹಾಗಾದ್ರೆ ಅದೇನು?"

ಅವನು ತಿರುಗಿ ನೋಡಲೇ ಇಲ್ಲ. "ಯಾವುದು?"

ಸೋಫಾದಿಂದ ಎದ್ದೆ. ಸ್ಕೂಟರ್ ಹತ್ತಿ ಲಾರಿಯ ಬಾಲ ಹಿಡಿದೆ. ರೈಲ್ವೆ ಹಳಿಯಾಚೆಗಿನ ಪ್ಲಾಸ್ಟಿಕ್ ಗೋದಾಮಿಗೆ ಬಂದೆ. ಪುಡಿಯಾಗಬೇಕಿದ್ದ ಚೀಲಗಳಲ್ಲಿ ನೋಡಲು ನೆಟ್ಟಗಿದ್ದವನ್ನು ಆರಿಸಿ, ಕೆಂಪು ಗುರುತು ಸ್ಪಿರಿಟ್ಟಿನಲ್ಲಿ ಒರೆಸಿ ಒಳಗಿನ ರೂಮಿಗೆ ಒಯ್ಯುತ್ತಿದ್ದರು. ಅದರ ಫೋಟೋ ತೆಗೆಯುತ್ತಿದ್ದಾಗಲೇ ಅಮ್ಮನಿಗೆ ನನ್ನ ನೆನಪಾದದ್ದು.

ಸರಿ. ಮತ್ತೆ ಗ್ರೈಂಡರಿನ ಬಾಯಿಗೆ ಬರೋಣ.

ಕೋಣ ನನ್ನ ಕತ್ತು ಬಿಡದೆ ತನ್ನ ಫೋನು ತೆಗೆದು ಯಾರಿಗೋ ಹಚ್ಚಿದ.

"ಸಾರ್, ಇಲ್ಲೊಬ್ಳು ಸಿಕ್ಕಿದಾಳೆ. ಫೋಟೋ ಹೊಡೀತಿದ್ಳು... ಹೌದು, ಕನ್ನಡಕ ಇದೆ. ಸ್ವಲ್ಪ ಕುಂಟ್ತಾಳೆ. ತಂಗಿ ಬ್ಲಡ್ ಬ್ಯಾಂಕಲ್ಲಿ ಇದ್ಳಂತೆ. ಏನ್ಮಾಡ್ಲಿ ಸಾರ್?"

ಆ ಕಡೆಯವನು ಏನೋ ಹೇಳಿದ. ಕೋಣನ ಮುಷ್ಟಿ ಸಡಿಲವಾಯಿತು. ನನ್ನ ಸೆರಗಿನ ಮೇಲಿದ್ದ ಪ್ಲಾಸ್ಟಿಕ್ ಪುಡಿಯನ್ನು ಅವನೇ ಕೊಡವಿದ.

"ಬನ್ನಿ ಮೇಡಂ. ಒಳಗೆ ಕೂತ್ಕೊಳ್ಳಿ. ಸಾಯಂಕಾಲ ಬಿಟ್ಬಿಡ್ತೀವಿ. ಫ್ಯಾನ್ ಇದೆ."

ಬನ್ನಿ. ಕೂತ್ಕೊಳ್ಳಿ.

ಒಂದು ಉಸಿರಿನ ಹಿಂದೆ ನಾನು 'ಯಾರೇ ನಿನ್ನ' ಆಗಿದ್ದೆ. ಈಗ ಬಹುವಚನಕ್ಕೇರಿದ್ದೆ. ನನಗೆ ನಿಜವಾಗಿ ಹೆದರಿಕೆಯಾದದ್ದು ಗ್ರೈಂಡರ್ ಕಂಡಾಗ ಅಲ್ಲ, ಆಗ. ಈ ಊರಿನ ಪುಂಡರಿಗೆಲ್ಲ ನಾನು ಗೊತ್ತು. ಒಬ್ಬನೂ ನನಗೆ ಫ್ಯಾನ್ ಹಾಕಿಸಿದವನಲ್ಲ. ಫೋನಿನ ಆ ಕಡೆಯವನಿಗೆ ನಾನು ಬೇಕಾದವಳು.

ಅದು ಯಾರು? ತಲೆ ಒಂದು ಉತ್ತರ ಕೊಟ್ಟಿತು. ನಾನು ಅದನ್ನು ವಾಪಸ್ ಕಳಿಸಿದೆ.

ಒಳಗಿನ ರೂಮು ತಗಡಿನ ಗೋಡೆಯದು. ಮೇಜಿನ ಎದುರು ಇಬ್ಬರು ಹೆಂಗಸರು ಕೂತು ಚೀಲಗಳನ್ನು ಒಮ್ಮೆ ಬಿಚ್ಚಿದ ಹಳೆಯ ಬೆಳ್ಳಿ ಕವರಿನೊಳಗೆ ತುರುಕಿ, ಬಿಸಿ ಮಷೀನಿನ ದವಡೆಗೆ ಅಂಚು ಕೊಟ್ಟು ಅಂಟಿಸುತ್ತಿದ್ದರು. ಹೊರಗಿನಿಂದ ಚಿಲಕ ಬಿತ್ತು. ಅವರು ನನ್ನನ್ನೊಮ್ಮೆ ನೋಡಿ ಕೆಲಸ ಮುಂದುವರಿಸಿದರು.

"ಇದೇನು ಅಂತ ಗೊತ್ತಾ ನಿಮಗೆ?" ಎಂದೆ.

"ಜ್ಯೂಸ್ ತುಂಬೋ ಚೀಲ" ಎಂದಳು ದಪ್ಪ ಜಡೆಯವಳು.

"ಜ್ಯೂಸ್ ಚೀಲಕ್ಕೆ ಸೂಜಿ ಯಾಕಮ್ಮ?"

ಅವಳು ಚೀಲದ ನಳಿಕೆಯ ತುದಿಯಲ್ಲಿದ್ದ ಮುಚ್ಚಿದ ಸೂಜಿಯನ್ನು ಮೊದಲ ಸಲವೆಂಬಂತೆ ನೋಡಿದಳು. ನಾನು ಹೇಳಿದೆ. ಎಲ್ಲಿಗೆ ಹೋಗುತ್ತದೆ, ಏನಾಗುತ್ತದೆ, ಬಡಗಿಯ ಹೆಂಡತಿ ಎಲ್ಲಿ ಮಲಗಿದ್ದಾಳೆ... ಚುಟುಕಾಗಿ. ಅವಳು ಮಷೀನಿನ ಸ್ವಿಚ್ ಆರಿಸಿದಳು.

"ಹೋದ ತಿಂಗಳು ನನ್ನ ಯಜಮಾನರಿಗೆ ಎರಡು ಚೀಲ ರಕ್ತ ಹಾಕಿದ್ರು" ಎಂದಳು.

"ಹುಷಾರಾಗಿದಾರಾ?"

"ಜ್ವರ ಬಿಟ್ಟೇ ಇಲ್ಲ."

ಆ ಜ್ವರಕ್ಕೆ ಈ ಚೀಲವೇ ಕಾರಣವೋ ಅಲ್ಲವೋ ನನಗೇನು ಗೊತ್ತು. ಅವಳಿಗೂ ಗೊತ್ತಿರಲಿಲ್ಲ. ಅವಳು ಎದ್ದು ಮೂಲೆಯ ಮೂಟೆಯನ್ನು ಕಾಲಿನಿಂದ ಸರಿಸಿದಳು. ಹಿಂದೆ ತಗಡು ತುಕ್ಕು ಹಿಡಿದು ಹರಿದಿತ್ತು. ನಾಯಿ ನುಸುಳುವಷ್ಟು ಜಾಗ.

"ನಾವೇನೂ ನೋಡ್ಲಿಲ್ಲ" ಎಂದಳು ಇನ್ನೊಬ್ಬಳು.

ಒಂದು ಹಿಡಿ ಚೀಲಗಳನ್ನು, ಕೆಂಪು ಗುರುತು ಅರ್ಧ ಅಳಿಸಿದವನ್ನೇ ಆರಿಸಿ, ಸೆರಗಿನಲ್ಲಿ ಗಂಟು ಕಟ್ಟಿದೆ. ಮಂಡಿಯನ್ನು ಬೈದುಕೊಳ್ಳುತ್ತ ನುಸುಳಿದೆ. ತಗಡು ತೋಳು ಗೀರಿತು. ನೀರಿನ ತೊಟ್ಟಿಯ ಹಿಂದೆ ಸ್ಕೂಟರ್ ನಿಂತಿತ್ತು. ಹೆಲ್ಮೆಟ್ ಮೂಟೆಗಳ ಹತ್ತಿರವೇ ಉಳಿದಿತ್ತು. ಹಾಳಾಗಲಿ.

ನಾಲ್ಕು ಒದೆಗೆ ಸ್ಕೂಟರ್ ಸ್ಟಾರ್ಟ್ ಆಯಿತು. ಅಷ್ಟರಲ್ಲಿ ಅದರ ಸದ್ದು ಕೋಣನಿಗೂ ಕೇಳಿಸಿತ್ತು.

ಹಿಂದೆ ವ್ಯಾನಿನ ಗೊರಗೊರ. ಕನ್ನಡಿಯಲ್ಲಿ ಅವನ ಮುಖ. ನಾನು ಹಳಿಯ ಪಕ್ಕದ ಮಣ್ಣುದಾರಿಗಿಳಿದೆ. ಅವನೂ ಇಳಿದ. ನಾನು ಗೇಟಿನ ಸಂದಿಯಲ್ಲಿ ತೂರಿದೆ. ಅವನು ಗೇಟನ್ನೇ ತಳ್ಳಿಕೊಂಡು ಬಂದ. ತರಕಾರಿ ಗಾಡಿಗಳ ನಡುವೆ ಹಾವಿನಂತೆ ಹೊರಳಿದೆ. ಅವನು ಹಾರ್ನ್ ಮೇಲೆಯೇ ಮಲಗಿಬಿಟ್ಟ. ಇನ್ನೇನು, ದೊಡ್ಡ ರಸ್ತೆ. ಅಲ್ಲಿಂದ ಆಸ್ಪತ್ರೆ ಕಣ್ಣಳತೆಯ ದೂರ.

ದೊಡ್ಡ ರಸ್ತೆಯ ತಿರುವಿನಲ್ಲಿ ಟ್ರಾಫಿಕ್ ಪೊಲೀಸಿನವನು ಕೈ ಅಡ್ಡ ಹಾಕಿದ.

"ಹೆಲ್ಮೆಟ್ ಎಲ್ಲಿ?"

"ಸಾರ್, ಹಿಂದೆ ಬರ್ತಿರೋ ವ್ಯಾನಿನವನು ನನ್ನನ್ನ ಹಿಡಿದುಹಾಕೋಕೆ ನೋಡ್ತಿದಾನೆ. ಆಸ್ಪತ್ರೆಯಲ್ಲಿ ಒಬ್ಬರ ಜೀವ ಹೋಗುತ್ತೆ. ದಯವಿಟ್ಟು ಬಿಡಿ."

"ಜೀವ ಹೋಗಬಾರದು ಅಂತಾನೇ ಹೆಲ್ಮೆಟ್ ಹಾಕ್ಕೊಳ್ಳಿ ಅನ್ನೋದು. ಲೈಸೆನ್ಸ್ ತೆಗೀರಿ."

ವ್ಯಾನು ಬಂದು ನನ್ನ ಪಕ್ಕದಲ್ಲೇ ನಿಂತಿತು. ಪೊಲೀಸಿನವನು ಅವನಿಗೂ ಕೈ ತೋರಿಸಿದ.

"ಸೀಟ್ ಬೆಲ್ಟ್?"

"ಸುತ್ತು ಸಾಕಾಗಲ್ಲ ಸಾರ್" ಎಂದ ಕೋಣ. ನಿಜವಾಗಿಯೂ ಸಾಲುತ್ತಿರಲಿಲ್ಲ.

"ವ್ಯಾನಿನ ಪೇಪರ್ಸ್?"

ಕೋಣ ಜೇಬುಗಳನ್ನೆಲ್ಲ ತಟ್ಟಿಕೊಂಡ. ಆಮೇಲೆ ನನ್ನ ಕಡೆ ಬಗ್ಗಿ ಪಿಸುಗುಟ್ಟಿದ.

"ಮೇಡಂ, ವಾಪಸ್ ಬನ್ನಿ. ಸಾಯಂಕಾಲದವರೆಗೆ ಅಷ್ಟೇ. ನಿಮ್ಮ ಮೈ ಮುಟ್ಟಬೇಡ ಅಂತ ಹೇಳಿದಾರೆ. ನನ್ನ ಕೆಲಸ ಹೋಗುತ್ತೆ."

"ಯಾರಪ್ಪ ಹೇಳಿದ್ದು?"

ಅವನು ಮತ್ತೆ ಜೇಬು ತಟ್ಟಿಕೊಳ್ಳತೊಡಗಿದ.

"ಏನ್ರಿ, ಇಬ್ರೂ ಒಂದೇ ಮನೆಯವರಾ?" ಎಂದ ಪೊಲೀಸಿನವನು.

"ಅಲ್ಲ" ಎಂದೆ ನಾನು. "ಹೌದು" ಎಂದ ಕೋಣ.

ನನ್ನ ಮೈಯೆಲ್ಲ ಉರಿಯುತ್ತಿತ್ತು. ಬೆಳಗಿನಿಂದ ಕತ್ತು ಹಿಸುಕಿಸಿಕೊಂಡಿದ್ದೆ, ತೋಳು ಗೀರಿಸಿಕೊಂಡಿದ್ದೆ, ಫೋನು ಕಳೆದುಕೊಂಡಿದ್ದೆ. ಇಷ್ಟೆಲ್ಲ ಆಗಿ ರಸ್ತೆಯ ಬದಿಯಲ್ಲಿ ನನ್ನನ್ನು ಅಟ್ಟಿಸಿಕೊಂಡು ಬಂದವನ ಪಕ್ಕದಲ್ಲೇ ಕ್ಯೂನಲ್ಲಿ ನಿಂತಿದ್ದೆ. ಲೈಸೆನ್ಸನ್ನು ಪೊಲೀಸಿನವನ ಕೈಗೆ ತುರುಕಿದೆ.

"ಇಟ್ಕೊಳ್ಳಿ. ಯಾವ ಕೋರ್ಟಿಗೆ ಬೇಕಾದ್ರೂ ಕಳಿಸಿ."

ಹೊರಟೆ. ಕೋಣನೂ ಹೊರಡಲು ನೋಡಿದ. ಅವನ ವ್ಯಾನಿನ ಕೀ ಆಗಲೇ ಖಾಕಿ ಜೇಬು ಸೇರಿತ್ತು. ಈ ಊರಿನ ಕಾನೂನು ನನಗೆ ಮಾಡಿದ ಉಪಕಾರ ಅದೊಂದೇ.

ಆಸ್ಪತ್ರೆಯ ಮುಂಬಾಗಿಲಿನಲ್ಲಿ ವಾಚ್‌ಮನ್.

"ರೋಗಿಗಳನ್ನ ನೋಡೋ ಟೈಮ್ ಮುಗೀತು."

ವಾದ ಮಾಡಲು ಉಸಿರಿರಲಿಲ್ಲ. ಸುತ್ತು ಹಾಕಿ ಹಿಂಬದಿಗೆ ಹೋದೆ. ಅಲ್ಲಿ ಸ್ಟೋರಿಗೆ ಸಾಮಾನು ಇಳಿಸುವ ಇಳಿಜಾರು. ಒಂದು ಕಾರಿನ ಡಿಕ್ಕಿ ತೆರೆದಿತ್ತು. ಒಬ್ಬಾತ ರಟ್ಟಿನ ಡಬ್ಬಗಳನ್ನು ಇಳಿಸಿ ಒಂದರ ಮೇಲೊಂದು ಪೇರಿಸುತ್ತಿದ್ದ. ಇಸ್ತ್ರಿ ಮಾಡಿದ ಶರಟು. ಬೆನ್ನು ನೋಡಿಯೇ ಗೊತ್ತಾಯಿತು. ಆ ಶರಟನ್ನು ನನ್ನ ತಂಗಿಯೇ ಇಸ್ತ್ರಿ ಮಾಡುತ್ತಾಳೆ.

ತಂಗಿಯ ಗಂಡ ತಿರುಗಿದ. ನನ್ನನ್ನು ಕಂಡ. ಅವನ ಮುಖದಲ್ಲಿ ಮೊದಲು ಬಂದದ್ದು ಭಯವಲ್ಲ, ಆಶ್ಚರ್ಯ. ನಾನು ಬೇರೆಲ್ಲೋ ಫ್ಯಾನಿನ ಕೆಳಗೆ ಕೂತಿರಬೇಕಿತ್ತಲ್ಲ.

"ಅತ್ತಿಗೆ... ನೀವಿಲ್ಲಿ?"

"ಹೌದು. ಬಿಟ್ಬಿಟ್ರು."

"ಯಾರು?"

"ನೀನೇ ಹೇಳು."

ತಲೆಗೆ ಮೊದಲೇ ಬಂದಿದ್ದ, ನಾನು ವಾಪಸ್ ಕಳಿಸಿದ್ದ ಉತ್ತರ ಕಣ್ಣ ಮುಂದೆ ನಿಂತಿತ್ತು. ಕೆನ್ನೆಗೆ ಬಾರಿಸಬೇಕೆಂದು ಕೈ ಎತ್ತಿದೆ. ಆಗಲೇ ಒಳಗಿನಿಂದ ಡಾಕ್ಟರರ ದನಿ ಕೇಳಿತು. ಕಾರಿಡಾರಿನ ಕೊನೆಗೇ ಬ್ಲಡ್ ಬ್ಯಾಂಕು.

"ಎದ್ದೇಳಮ್ಮ ಮೊದಲು. ಇಲ್ಲಾಂದ್ರೆ ಸೆಕ್ಯೂರಿಟಿ ಕರೀತೀನಿ."

ನಾನು ಓಡಿದೆ. ಅವನೂ ನನ್ನ ಹಿಂದೆ ಬಂದ.

ರಕ್ತ ಕೊಡುವವರು ಒರಗುವ ಉದ್ದನೆಯ ಕುರ್ಚಿಯಲ್ಲಿ ನನ್ನ ತಂಗಿ ಕೂತಿದ್ದಳು. ತೋಳು ಮಡಚಿ, ಕಾಲು ಚಾಚಿ, ಬೇರು ಬಿಟ್ಟವಳ ಹಾಗೆ. ಪಕ್ಕದಲ್ಲಿ ಬಸ್ ಡ್ರೈವರನ ತಮ್ಮ ಶರಟಿನ ತೋಳು ಮೇಲೇರಿಸಿಕೊಂಡು ಏನೂ ತೋಚದೆ ನಿಂತಿದ್ದ. ಅಣ್ಣನದೇ ಗುಂಪಿನ ರಕ್ತ ಅವನದು. ಬಡಗಿಯ ಹೆಂಡತಿಗೆ ಉಳಿದಿದ್ದ ಒಂದೇ ದಾರಿ. ಹೊಸ ಟೆಕ್ನಿಷಿಯನ್ ಹುಡುಗಿ ಗೋಡೆಗೆ ಅಂಟಿಕೊಂಡಿದ್ದಳು.

"ನೀವು ಸಸ್ಪೆಂಡ್ ಆಗಿದೀರ" ಎಂದರು ಡಾಕ್ಟರು.

"ಸಸ್ಪೆಂಡ್ ಆದೋರ ಮೈಯಲ್ಲೂ ರಕ್ತ ಇರುತ್ತೆ ಡಾಕ್ಟ್ರೇ" ಎಂದಳು ತಂಗಿ. "ಮೊದಲು ನಂದು ತಗೊಳ್ಳಿ. ಈ ಸ್ಟಾಕಿನ ಚೀಲದಲ್ಲೇ. ನಿಮ್ಮ ಕೈಯಾರೆ ಮಷೀನಿಗಿಟ್ಟು ತಿರುಗಿಸಿ. ಒಡೀಲಿಲ್ಲ ಅಂದ್ರೆ ನಾನೇ ರಾಜೀನಾಮೆ ಕೊಟ್ಟು ಹೋಗ್ತೀನಿ. ಒಡೆದ್ರೆ, ಇವರನ್ನ ಮುಟ್ಟಬೇಡಿ."

ಡಾಕ್ಟರರಿಗೆ ರೋಷ ಬಂತು. "ಆಗಲಿ" ಎಂದರು. ಹುಡುಗಿಗೆ ಸನ್ನೆ ಮಾಡಿದರು.

ನನ್ನ ಸೆರಗಿನಲ್ಲಿ ಸಾಕ್ಷಿಯ ಗಂಟಿತ್ತು. ಬಾಯಿ ತೆರೆದೆ. ತಂಗಿ ನನ್ನ ಕಡೆ ಒಂದು ನೋಟ ಎಸೆದಳು. ಸುಮ್ಮನಿರು ಎಂಬ ನೋಟ. ಸುಮ್ಮನಾದೆ. ಜೀವಮಾನದಲ್ಲಿ ನಾನು ಸುಮ್ಮನಾದದ್ದು ಕಡಿಮೆ.

ಹುಡುಗಿ ಕವರ್ ಹರಿದಳು. ತಂಗಿಯ ತೋಳಿಗೆ ಪಟ್ಟಿ ಬಿಗಿದಳು. ಹತ್ತಿಯಿಂದ ಒರೆಸಿದಳು. ಸೂಜಿಯ ಮುಚ್ಚಳ ತೆಗೆದಳು. ತಂಗಿ ಸೂಜಿಯನ್ನು ನೋಡುತ್ತಿರಲಿಲ್ಲ. ನನ್ನ ಭುಜದಾಚೆ, ಬಾಗಿಲಿನಲ್ಲಿ ನಿಂತಿದ್ದ ಗಂಡನನ್ನು ನೋಡುತ್ತಿದ್ದಳು.

ಸೂಜಿ ಚರ್ಮದ ಹತ್ತಿರ ಬಂತು.

"ಬೇಡ."

ಎಲ್ಲರೂ ತಿರುಗಿದರು. ಅವಳ ಗಂಡ ಒಳಗೆ ಎರಡು ಹೆಜ್ಜೆ ಇಟ್ಟಿದ್ದ.

"ಅವಳಿಗೆ ಆ ಚೀಲ ಬೇಡ."

"ಯಾಕ್ರೀ?" ಎಂದಳು ತಂಗಿ. ಮನೆಯಲ್ಲಿ ಸಾರಿಗೆ ಉಪ್ಪು ಸಾಕಾ ಎಂದು ಕೇಳುವ ದನಿಯಲ್ಲೇ.

ಅವನು ಒಂದು ಹೆಜ್ಜೆ ಹಿಂದಿಟ್ಟ.

"ನನಗೆ ಬೇಡ ಅಂದ್ರಲ್ಲ, ಯಾರಿಗಾಗುತ್ತೆ ಅದು? ಇವರಿಗಾ?" ಡ್ರೈವರನ ತಮ್ಮನತ್ತ ಕೈ ತೋರಿಸಿದಳು. "ಮೇಲೆ ಮಲಗಿರೋ ಆ ಹೆಣ್ಣುಮಗಳಿಗಾ?"

"ಒಡೆಯುತ್ತೆ ಅಂತ ಗೊತ್ತಿರಲಿಲ್ಲ ಕಣೆ" ಎಂದ. "ಮೊದಮೊದಲು ಗೊತ್ತಿರಲಿಲ್ಲ. ಗೊತ್ತಾಗೋ ಹೊತ್ತಿಗೆ ನಿನ್ನ ಮೇಲೆ ಬಂದಿತ್ತು. ಸ್ಟಾಕ್ ಖಾಲಿ ಆಗಲಿ, ನಿಲ್ಲಿಸಿಬಿಡೋಣ ಅಂತ..."

"ಸ್ಟಾಕ್ ಖಾಲಿ ಆಗಲಿ ಅಂತ" ಎಂದಳು ತಂಗಿ.

ಆಗ ನಾನು ಗಂಟು ಬಿಚ್ಚಿದೆ. ಕೆಂಪು ಗುರುತಿನ ಚೀಲಗಳು ಡಾಕ್ಟರರ ಮೇಜಿನ ತುಂಬ ಹರಡಿಕೊಂಡವು. ಅವರು ಒಂದನ್ನು ಬೆಳಕಿಗೆ ಹಿಡಿದು ನೋಡಿದರು. ಕೂತರು. ಏನಾದರೂ ಹೇಳುತ್ತಾರೆಂದು ಕಾದೆ. ಕ್ಷಮಿಸಿ ಎಂದಲ್ಲದಿದ್ದರೂ, ಛೆ ಎಂದಾದರೂ.

"ಇದು ಹೊರಗೆ ಹೋದ್ರೆ ಆಸ್ಪತ್ರೆ ಹೆಸರು ಕೆಡುತ್ತೆ" ಎಂದರು.

ನಾನು ತಲೆ ಚಚ್ಚಿಕೊಳ್ಳಲು ಗೋಡೆ ಹುಡುಕಿದೆ. ತಂಗಿ ತೋಳಿನ ಪಟ್ಟಿ ತಾನೇ ಬಿಚ್ಚಿಕೊಂಡು ಎದ್ದಳು. ಮೇಜಿನ ಮೇಲಿದ್ದ ಫೋನನ್ನು ಎತ್ತಿ ಡಾಕ್ಟರರ ಕೈಗೆ ಕೊಟ್ಟಳು.

"ಸೇತುವೆ ಆಚೆಯ ಆಸ್ಪತ್ರೆಗೆ ಫೋನ್ ಮಾಡಿ. ಅವರ ಸ್ಟಾಕ್ ಬೇರೆ. ಚೀಲ ಕಳಿಸಿ ಅನ್ನಿ. ಆಂಬುಲೆನ್ಸಲ್ಲೇ ಕಳಿಸಲಿ."

ಅವರು ಮಾಡಿದರು.

ಒಳ್ಳೆಯ ಚೀಲಗಳು ಬಂದವು. ತಂಗಿ ಮೊದಲು ಒಂದೊಂದರ ಅಂಚನ್ನೂ ಬೆರಳಿನಿಂದ ಸವರಿ ನೋಡಿದಳು. ಡ್ರೈವರನ ತಮ್ಮನಿಗೆ ಸೂಜಿ ಹಾಕಿದ್ದು ಅವಳೇ, ಮಷೀನಿಗಿಟ್ಟದ್ದೂ ಅವಳೇ. ಸಸ್ಪೆಂಡ್ ಆದ ಕೈ ಎಂದು ಯಾರೂ ಉಸಿರೆತ್ತಲಿಲ್ಲ. ಮಷೀನು ತಿರುಗಿತು. ನಿಂತಿತು. ಮುಚ್ಚಳ ತೆಗೆದಳು. ಚೀಲ ನೆಟ್ಟಗಿತ್ತು. ಕೆಳಗೆ ಕಡುಗೆಂಪು, ಮೇಲೆ ತಿಳಿ ಹಳದಿ.

ಅಷ್ಟು ಹೊತ್ತೂ ಅವಳ ಗಂಡ ಕಾರಿಡಾರಿನ ಬೆಂಚಿನಲ್ಲಿ ಕೂತಿದ್ದ. ಓಡಿಹೋಗಲಿಲ್ಲ. ಓಡಿಹೋಗಲೂ ಸ್ವಲ್ಪ ಧೈರ್ಯ ಬೇಕು.

ಬಡಗಿಯ ಹೆಂಡತಿ ಬದುಕಿದಳು. ಈ ಕತೆಯಲ್ಲಿ ನೆಟ್ಟಗಾದದ್ದು ಅದೊಂದೇ ಎಂದು ನಿಮಗೆ ಮೊದಲೇ ಹೇಳಿಬಿಡುತ್ತೇನೆ.

ಇನ್ಸ್‌ಪೆಕ್ಟರ್ ಬಂದರು. ಅದೇ ಹಲ್ಲುಕಡ್ಡಿ.

"ಫೋಟೋ ತೆಗೆದೆ ಅಂದ್ರಲ್ಲ, ಎಲ್ಲಿ?"

"ಗ್ರೈಂಡರಿನಲ್ಲಿ."

"ಈ ಚೀಲಗಳು?"

"ಗೋದಾಮಿನಿಂದ ತಂದೆ."

"ಕೇಳಿ ತಂದ್ರಾ?"

ಅವರು ಗೋದಾಮಿಗೆ ಜನ ಕಳಿಸುವ ಹೊತ್ತಿಗೆ ಒಳಗಿನ ರೂಮು ಗುಡಿಸಿ ಸಾರಿಸಿದಂತಿತ್ತು. ಆದರೆ ದಪ್ಪ ಜಡೆಯ ಹೆಂಗಸು ತಾನಾಗಿ ಠಾಣೆಗೆ ಬಂದು ಬೆಂಚಿನ ಮೇಲೆ ಕೂತಳು, ಹೇಳಿಕೆ ಬರೆದುಕೊಳ್ಳುವವರೆಗೂ ಏಳಲಿಲ್ಲ. ಅದರಿಂದ ಕೇಸು ನಿಂತಿತು. ಫ್ಯಾಕ್ಟರಿಯ ಮ್ಯಾನೇಜರ್ ತಮ್ಮಲ್ಲಿ ರಿಜೆಕ್ಟ್ ಇಲ್ಲವೆಂದು ಬರೆದುಕೊಟ್ಟ. ಇಲ್ಲದ ಮಾಲು ಕಳ್ಳತನವಾಗುವುದು ಹೇಗೆ ಎಂದು ಅವನ ವಕೀಲರು ಕೇಳಿದರು. ಗೋದಾಮಿನವರು ನನ್ನ ಮೇಲೆ ಒಂದು ದೂರು ಕೊಟ್ಟರು... ಅತಿಕ್ರಮ ಪ್ರವೇಶ, ಪ್ಲಾಸ್ಟಿಕ್ ಕಳವು. ಅದು ಮಾತ್ರ ತಕ್ಷಣ ದಾಖಲಾಯಿತು. ಆಸ್ಪತ್ರೆಯವರು ತಂಗಿಯನ್ನು ವಾಪಸ್ ತೆಗೆದುಕೊಂಡರು, ಜೊತೆಗೆ ದಾನಿಯ ಕುರ್ಚಿಯಲ್ಲಿ ಅನುಮತಿಯಿಲ್ಲದೆ ಕೂತದ್ದಕ್ಕೆ ವಿವರಣೆ ಕೇಳಿದರು.

ಅಮ್ಮ ನನ್ನೊಂದಿಗೆ ಮಾತು ಬಿಟ್ಟಳು. ಒಂದು ಸಂಸಾರ ಮುರಿದವಳು ನಾನಂತೆ.

ತಂಗಿಯ ಗಂಡನನ್ನು ನೋಡಲು ಲಾಕಪ್ಪಿಗೆ ಒಮ್ಮೆ ಹೋದೆ. ಇಸ್ತ್ರಿಯಿಲ್ಲದ ಶರಟಿನಲ್ಲಿ ಅವನು ಯಾರೋ ಬೇರೆಯವನಂತೆ ಕಾಣುತ್ತಿದ್ದ.

"ಅತ್ತಿಗೆ, ನಿಮಗೇನೂ ಆಗದ ಹಾಗೆ ನೋಡ್ಕೊಂಡೆ. ಅವಳಿಗೂ ಸೂಜಿ ತಾಗಲಿಕ್ಕೆ ಬಿಡಲಿಲ್ಲ. ಅಷ್ಟನ್ನಾದ್ರೂ ಅವಳಿಗೆ ಹೇಳಿ."

ಹೇಳಿದೆ. ಅವಳು ಈಗ ನನ್ನ ರೂಮಿನಲ್ಲೇ ಇದ್ದಾಳೆ. ಕೆಳಗೆ ಟೈರಿಗೆ ಗಾಳಿ ಹಿಡಿಯುವ ಸದ್ದು. ಅವಳು ತನ್ನ ಬಿಳಿ ಕೋಟಿಗೆ ಗುಂಡಿ ಹೊಲಿಯುತ್ತಿದ್ದಳು.

"ಊರವರ ತೋಳಿಗೆಲ್ಲ ಚುಚ್ಚುವಾಗ ನಮ್ಮ ಯಜಮಾನರ ಬಾಯಿ ಎಲ್ಲಿತ್ತಂತೆ?" ಎಂದಳು. ದಾರ ಹಲ್ಲಿನಲ್ಲಿ ಕಡಿದಳು.

ಬಹಳ ದಿನದಿಂದ ಗಂಟಲಲ್ಲಿದ್ದ ಪ್ರಶ್ನೆಯನ್ನು ಆಗ ಕೇಳಿದೆ.

"ಅವನೇ ಅಂತ ನಿನಗೆ ಮೊದಲೇ ಗೊತ್ತಿತ್ತಾ?"

ಅವಳು ಇನ್ನೊಂದು ಗುಂಡಿ ತೆಗೆದುಕೊಂಡಳು. ಸೂಜಿಗೆ ದಾರ ಪೋಣಿಸಿದಳು.

"ಗುಮಾನಿ ಇತ್ತು. ಕಾರಿನ ಡಿಕ್ಕಿಯಲ್ಲಿ ಬೆಳ್ಳಿ ಕವರಿನ ಚೂರು ಸಿಕ್ಕಿತ್ತು. ಸುಳ್ಳಾಗಲಿ ಅಂತ ಬೇಡ್ಕೊಂಡೆ."

"ಮತ್ತೆ ನನ್ನ ಹತ್ತಿರ ಯಾಕೆ ಬಂದೆ?"

ತಂಗಿ ತಲೆ ಎತ್ತಿದಳು. ನನ್ನ ರೂಮನ್ನು, ನನ್ನ ಮಂಡಿಯನ್ನು, ಆಮೇಲೆ ನನ್ನ ಮುಖವನ್ನು ನೋಡಿದಳು.

"ಇಡೀ ಊರಲ್ಲಿ ಪತ್ತೇದಾರರನ್ನ ಹುಡುಕಿದ್ದೆ ಅಕ್ಕ" ಎಂದಳು. "ಏನೂ ಕಂಡುಹಿಡಿಯಲ್ಲ ಅಂತ ನಂಬಿಕೆ ಇದ್ದಿದ್ದು ನಿನ್ನ ಮೇಲೆ ಮಾತ್ರ."